ನನ್ನ ಎಡಗಾಲಿನ ಪರವಾಗಿ, ಥ್ರಾಟಲ್ ಬಾಡಿಯ ಸ್ಕ್ರೂ ಅವರಿಗೆ

ಗೆ,
ಶ್ರೀ ಐಡಲ್ ಸ್ಕ್ರೂ ಅವರು,
ಥ್ರಾಟಲ್ ಬಾಡಿಯ ಮಗ್ಗುಲು, ಏರ್ ಫಿಲ್ಟರ್ ಕೊಳವೆಯ ಹಿಂದೆ,
ಬೂದುಬಣ್ಣದ ಹಳೆಯ ಕಾರು, ನಂಜನಗೂಡು.

ವಿಷಯ: ತಮ್ಮಿಂದಾದ ತೊಂದರೆಗೆ ನನ್ನ ಎಡಗಾಲು ಶಿಕ್ಷೆ ಅನುಭವಿಸಿದ ಬಗ್ಗೆ.

ಮಾನ್ಯರೇ,

ಮೊದಲಿಗೆ ತಮಗೆ ಗೌರವಪೂರ್ವಕ ನಮಸ್ಕಾರಗಳು. ಕಪಿಲೆಯ ಗಾಳಿ ಊರಿಗೆಲ್ಲ ಬೀಸಿದರೂ ತಮ್ಮ ತನಕ ತಲುಪದಂಥ ಮೂಲೆಯಲ್ಲಿ, ಕಾದ ಎಂಜಿನ್ನಿನ ಪಕ್ಕದಲ್ಲಿ ಕುಳಿತು ಸೇವೆ ಸಲ್ಲಿಸುತ್ತಿರುವ ತಾವು ಆರೋಗ್ಯವಾಗಿದ್ದೀರೆಂದು ನಂಬಿದ್ದೇನೆ. ತಮಗೆ ಇದುವರೆಗೆ ಯಾರೂ ಪತ್ರ ಬರೆದಿರಲಾರರು. ನಾನು ತಿ. ನರಸೀಪುರ ತಾಲ್ಲೂಕಿನಲ್ಲಿ ಅಂಗನವಾಡಿ ಮೇಲ್ವಿಚಾರಕಿ. ಮೇಲಿನವರಿಗೆ ಪತ್ರ ಬರೆಯುವುದು ನನ್ನ ಕೆಲಸದ ಮುಕ್ಕಾಲು ಪಾಲು, ಅದಕ್ಕೆ ಉತ್ತರ ಕಾಯುವುದು ಉಳಿದ ಕಾಲು ಪಾಲು. ಹೀಗಾಗಿ ಹಿತ್ತಾಳೆಯ ತುಂಡೊಂದಕ್ಕೆ ಅರ್ಜಿ ಹಾಕಿಕೊಳ್ಳುವುದು ನನಗೆ ಹೊಸ ಅನುಭವವೇನೂ ಅಲ್ಲ.

ತಮ್ಮ ಹುದ್ದೆ ಎಂಥದ್ದೆಂದು ನನಗೆ ತಿಳಿದದ್ದು ಈಚೆಗೆ. ಇದು ಬಹಿರಂಗ ಪತ್ರವಾದ್ದರಿಂದ, ಓದುವ ನಾಲ್ಕು ಜನಕ್ಕೂ ತಿಳಿಯಲೆಂದು ತಮ್ಮ ಪರಿಚಯವನ್ನು ನಾನೇ ಮಾಡಿಕೊಡುತ್ತೇನೆ, ತಪ್ಪಿದ್ದರೆ ಮನ್ನಿಸಬೇಕು. ಎಂಜಿನ್ನಿಗೆ ಪೆಟ್ರೋಲು ಎಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಆ ಗಾಳಿ ಒಳಗೆ ಹೋಗುವ ಗಂಟಲಿಗೆ ಥ್ರಾಟಲ್ ಬಾಡಿ ಎನ್ನುತ್ತಾರೆ. ಗಂಟಲಿನೊಳಗೆ ಒಂದು ಬಿಲ್ಲೆ ಇದೆ, ಆಕ್ಸಿಲರೇಟರ್ ತುಳಿದರೆ ತೆರೆಯುತ್ತದೆ, ಕಾಲೆತ್ತಿದರೆ ಮುಚ್ಚುತ್ತದೆ. ಮುಚ್ಚಿದಾಗ ಎಂಜಿನ್ನು ಉಸಿರುಕಟ್ಟಿ ನಿಲ್ಲಬಾರದೆಂದು ಬಿಲ್ಲೆಯ ಪಕ್ಕದಲ್ಲಿ ಗಾಳಿಗೊಂದು ಸಣ್ಣ ಕಳ್ಳದಾರಿ ಬಿಟ್ಟಿರುತ್ತಾರೆ. ಗಾಡಿ ಎಲ್ಲಿಗೂ ಹೋಗದೆ ಸುಮ್ಮನೆ ನಿಂತು ಗುರುಗುಟ್ಟುತ್ತಿರುವಾಗ ಅದರ ಜೀವ ಹಿಡಿದಿರುವುದು ಆ ದಾರಿಯ ಗಾಳಿಯಿಂದ. ಆ ದಾರಿಗೆ ಕಾವಲು ತಾವು. ತಾವು ಒಳಗೆ ಸರಿದರೆ ಗಾಳಿ ಕಡಿಮೆ, ಹೊರಗೆ ಸರಿದರೆ ಜಾಸ್ತಿ. ಎಷ್ಟಿರಬೇಕೆಂದು ಕಾರ್ಖಾನೆಯಲ್ಲೇ ನೋಡಿ, ತಮ್ಮ ತಲೆಗೊಂದು ರಬ್ಬರಿನ ಟೋಪಿ ಹಾಕಿ ಕಳಿಸಿರುತ್ತಾರೆ. ಕೆಲಸವಿಲ್ಲದೆ ಕುಳಿತವರಿಗೂ ಒಂದಿಷ್ಟು ಗಾಳಿ ಬೇಕು, ಆದರೆ ಅತಿಯಾಗಬಾರದು ಎಂಬ ಇಷ್ಟು ಸೂಕ್ಷ್ಮವಾದ ಆಡಳಿತವನ್ನು, ಎಲ್ಲ ಕುರ್ಚಿಯ ಮೇಲೂ ಒಂದೊಂದು ಫ್ಯಾನ್ ತಿರುಗುವ ಕಚೇರಿಯಲ್ಲಿದ್ದುಕೊಂಡು ನಾನು ಎಲ್ಲೂ ಕಂಡಿರಲಿಲ್ಲ.

ಇನ್ನು ನನ್ನ ಅಹವಾಲು. ನಮ್ಮ ಮನೆ ನಂಜನಗೂಡಿನಲ್ಲಿ, ಯಜಮಾನರಾದ ಅಮೃತೇಶ್ ಅವರು ಇಲ್ಲಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ನನ್ನ ಅಂಗನವಾಡಿಗಳು ನರಸೀಪುರದ ಆಚೆ ಈಚೆ ಹಳ್ಳಿಗಳಲ್ಲಿ ಚದುರಿಕೊಂಡಿವೆ. ಬಸ್ಸು ಹೆದ್ದಾರಿಯ ತನಕ ಒಯ್ದು ಇಳಿಸುತ್ತದೆ, ಅಲ್ಲಿಂದ ಮುಂದಕ್ಕೆ ನಡಿಗೆ, ಇಲ್ಲವೇ ಯಾರಾದರೂ ಕಬ್ಬಿನ ಟ್ರ್ಯಾಕ್ಟರಿನವರ ದಯೆ. ವಾಪಸು ಬರುವ ಬಸ್ಸಿಗೆ ಅದರದೇ ಮನಸ್ಸು. ಮನೆಯ ಮುಂದೆ ಕಾರು ನಿಂತಿರುವಾಗ ನಾನೇಕೆ ಹೀಗೆ ರಸ್ತೆ ಕಾಯಬೇಕು ಎಂದು ಅನಿಸಿ, ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ ಕಾರು ಕಲಿಯಲು ಹೊರಟೆ.

ಕಲಿಸಿದವರು ಸಂಘಮಿತ್ರಾ. ದೇವನೂರಿನವರು, ನಂಜನಗೂಡಿನ ಡ್ರೈವಿಂಗ್ ಶಾಲೆಯಲ್ಲಿ ಹೆಂಗಸರಿಗೆ ಹೇಳಿಕೊಡುತ್ತಾರೆ. ವಯಸ್ಸಿನಲ್ಲಿ ನನಗಿಂತ ತುಂಬ ಚಿಕ್ಕವರಾದರೂ ಸ್ಟೀರಿಂಗ್ ಪಕ್ಕ ಕೂತರೆ ಅಜ್ಜಿಯಷ್ಟು ತಾಳ್ಮೆ. ಗಾಡಿ ನಿಲ್ಲಿಸುವಾಗ ಎಡಗಾಲು ಕ್ಲಚ್ಚಿಗೆ, ಬಲಗಾಲು ಬ್ರೇಕಿಗೆ, ಆಕ್ಸಿಲರೇಟರಿನ ಮೇಲೆ ಸುಮ್ಮಸುಮ್ಮನೆ ಕಾಲಿಡಬಾರದು ಎಂದು ಅವರು ಹೇಳಿಕೊಟ್ಟರು. ಹಾಗೆಯೇ ಕಲಿತೆ. ಶಾಲೆಯ ಕಾರು ನನ್ನ ಕೈಯಲ್ಲಿ ಒಂದು ಸಲವೂ ಮುನಿಸಿಕೊಳ್ಳಲಿಲ್ಲ.

ಇದೇ ಸಮಯದಲ್ಲಿ, ಒಂದು ಭಾನುವಾರ, ತಮ್ಮ ಟೋಪಿ ತೆಗೆಯಲ್ಪಟ್ಟಿತು. ಯಜಮಾನರು ಬ್ಯಾಟರಿಯ ಮೇಲೆ ಫೋನು ಒರಗಿಸಿಕೊಂಡು, ಪೆಟ್ರೋಲು ಉಳಿಸುವ ವಿಡಿಯೊ ನೋಡುತ್ತ, ನನ್ನ ಹೊಲಿಗೆ ಮೆಷಿನ್ನಿನ ಡ್ರಾಯರಿನಿಂದ ಸ್ಕ್ರೂಡ್ರೈವರ್ ತರಲು ಹೇಳಿದರು. ತಂದುಕೊಟ್ಟೆ. ವಿಡಿಯೊ ಹಿಂದಿಯಲ್ಲಿತ್ತು. ಯಜಮಾನರಿಗೆ ಹಿಂದಿ ಅರ್ಧ ಬರುತ್ತದೆ. ಸ್ಕ್ರೂ ಬಿಗಿ ಮಾಡಬೇಕೆಂಬುದು ಆ ಅರ್ಧದಲ್ಲಿತ್ತು, ಎಷ್ಟು ಮಾಡಬೇಕೆಂಬುದು ಮಿಕ್ಕ ಅರ್ಧದಲ್ಲಿತ್ತು. ಎಂಜಿನ್ನಿನ ಸದ್ದು ಸಣ್ಣಗಾಯಿತು. ಬೆಣ್ಣೆಯ ಹಾಗೆ ಓಡುತ್ತಿದೆ ನೋಡು ಎಂದು ಅವರು ಸಂತೋಷಪಟ್ಟರು. ಗಾಡಿ ಬೆಣ್ಣೆಯಾದದ್ದು ಕಂಡು ನಾನೂ ಸಂತೋಷಪಟ್ಟು, ಕಾಫಿ ಮಾಡಲು ಒಳಗೆ ಹೋದೆ. ಆ ಹೊತ್ತಿನಲ್ಲಿ ತಾವು ಒಂದು ಮಾತಾದರೂ ಆಡಬಹುದಿತ್ತು.

ಮುಂದಿನ ವಾರದಿಂದ ನಾನು ಎಲ್ ಬೋರ್ಡು ಅಂಟಿಸಿಕೊಂಡು, ಪಕ್ಕದಲ್ಲಿ ಯಜಮಾನರನ್ನು ಕೂರಿಸಿಕೊಂಡು, ನಮ್ಮ ಸ್ವಂತ ಕಾರನ್ನು ಓಡಿಸಲು ಶುರುಮಾಡಿದೆ. ಓಡುವಾಗ ಕಾರು ಚೆನ್ನಾಗಿಯೇ ಓಡುತ್ತಿತ್ತು. ನಿಲ್ಲಿಸಿದರೆ ಸಾಯುತ್ತಿತ್ತು. ಹಂಪ್ ಬಂದು ಕಾಲೆತ್ತಿದರೆ ಸಾಯುತ್ತಿತ್ತು. ಕಪಿಲಾ ಸೇತುವೆಯ ಮೇಲೆ, ಎದುರಿಗೆ ಬಾಳೆಗೊನೆ ತುಂಬಿದ ಲಾರಿಗೆ ದಾರಿ ಬಿಡಲೆಂದು ನಿಧಾನಿಸಿದಾಗ ಸತ್ತಿತು. ಹಿಂದಿದ್ದ ಬಸ್ಸಿನವನು ಹಾರನ್ನಿನ ಮೇಲೆ ಕೈಯಿಟ್ಟವನು ತೆಗೆಯಲೇ ಇಲ್ಲ. ನರಸೀಪುರದ ಬಸ್ ನಿಲ್ದಾಣದ ಮುಂದೆ ಸತ್ತಾಗ, ನನ್ನ ಕೈಕೆಳಗಿನ ಅಂಗನವಾಡಿ ಕಾರ್ಯಕರ್ತೆಯರೇ ಬಂದು ತಳ್ಳಿದರು. ಅವರಿಗೆ ಮಾರನೆಯ ದಿನ ನಾನು ಶಿಸ್ತಿನ ಬಗ್ಗೆ ಸಭೆ ನಡೆಸಬೇಕಿತ್ತು.

ಕಾರಣ ಏನೆಂದು ಯಜಮಾನರಿಗೆ ಮೊದಲನೇ ದಿನವೇ ಗೊತ್ತಾಗಿಬಿಟ್ಟಿತು. ಅದು ನನ್ನ ಎಡಗಾಲು. ನಾನು ಕ್ಲಚ್ಚನ್ನು ಥಟ್ಟನೆ ಬಿಡುತ್ತೇನಂತೆ. ನಾನು ಮೆಲ್ಲಗೆ ಬಿಟ್ಟೆ, ಆಗಲೂ ನಿಂತಿತು. ಅತಿ ಮೆಲ್ಲಗೆ ಬಿಟ್ಟರೂ ನಿಲ್ಲುತ್ತದೆ ಎಂದರು. ಶಾಲೆಯ ಕಾರಿನಲ್ಲಿ ಯಾಕೆ ನಿಲ್ಲುತ್ತಿರಲಿಲ್ಲ ಎಂದು ಕೇಳಿದೆ. ಅದರಲ್ಲಿ ಕಲಿಸುವವರ ಕಾಲ ಬಳಿಯೂ ಪೆಡಲ್ ಇರುತ್ತದಲ್ಲ, ಓಡಿಸುತ್ತಿದ್ದವರು ಅವರು, ನೀನು ಸ್ಟೀರಿಂಗ್ ಹಿಡಿದು ಕೂತಿದ್ದೆ ಅಷ್ಟೇ ಎಂದು ವಿವರಿಸಿದರು. ಅವರೇ ಚಾಲಕರ ಸೀಟಿಗೆ ಬಂದು ಕೂತರೆ ಕಾರು ಎಲ್ಲಿಯೂ ನಿಲ್ಲುತ್ತಿರಲಿಲ್ಲ. ಅದಕ್ಕಿಂತ ದೊಡ್ಡ ಸಾಕ್ಷಿ ಬೇಕೆ? ಅನುಮಾನ ಬೇಡವೆಂದು ಗ್ಯಾರೇಜಿನ ರಾಜು ಅವರಿಗೂ ತೋರಿಸಿದೆವು. ಅವರು ಕಾರು ಹತ್ತಿ, ರೊಂಯ್ ರೊಂಯ್ ಎನಿಸುತ್ತ ಊರು ಸುತ್ತಿ ಬಂದು, ಗಾಡಿ ಕಲ್ಲಿನ ಹಾಗಿದೆ, ಮೇಡಂ ಇನ್ನೊಂದಷ್ಟು ದಿನ ಕ್ಲಚ್ ಅಭ್ಯಾಸ ಮಾಡಬೇಕು ಎಂದು ತೀರ್ಪು ಕೊಟ್ಟರು.

ಅಂದಿನಿಂದ ನನ್ನ ಎಡಗಾಲು ಸಾರ್ವಜನಿಕ ಆಸ್ತಿಯಾಯಿತು. ಯಜಮಾನರು ಕಾರ್ಖಾನೆಯಲ್ಲಿ ಹೇಳಿದರು, ನೆಂಟರ ವಾಟ್ಸಾಪ್ ಗುಂಪಿನಲ್ಲಿ ಹೇಳಿದರು, ಮದುವೆಮನೆಯ ಪಂಕ್ತಿಯಲ್ಲಿ ಎದುರಿಗೆ ಕೂತವರಿಗೂ ಹೇಳಿದರು. ಒಬ್ಬರು ಬರಿಗಾಲಿನಲ್ಲಿ ಓಡಿಸಲು ಹೇಳಿದರು, ಇನ್ನೊಬ್ಬರು ಷೂ ಹಾಕಿಕೊಳ್ಳಲು ಹೇಳಿದರು. ಹೆಮ್ಮಿಗೆಯಲ್ಲಿರುವ ನನ್ನ ತಾಯಿ ಕೆಂಪಾಜಮ್ಮ, ಮಗಳ ಕಾಲಿಗೆ ಏನೋ ಆಗಿದೆಯೆಂದು ಗಾಬರಿಯಾಗಿ, ತಾನೇ ಕಾಯಿಸಿದ ಹರಳೆಣ್ಣೆಯನ್ನು ಬಾಟಲಿಯಲ್ಲಿ ತುಂಬಿ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸಿದಳು. ನಗಬೇಡಿ ಸ್ಕ್ರೂ ಸಾಹೇಬರೇ, ನಾನು ಅದನ್ನು ಹಚ್ಚಿಕೊಂಡೆ. ಸ್ನಾನಕ್ಕೆ ಮೊದಲು ಕುರ್ಚಿಯ ಮೇಲೆ ಕಾಲಿಟ್ಟುಕೊಂಡು, ಪಾದವನ್ನು ನೀವುತ್ತ, ಇಷ್ಟು ವರ್ಷ ನನ್ನನ್ನು ಹೊತ್ತು ಕೆರೆ ಏರಿ, ಗದ್ದೆ ಬದು, ಅಂಗನವಾಡಿ ಮೆಟ್ಟಿಲು ಎಲ್ಲ ಸುತ್ತಿಸಿದ ಆ ಕಾಲನ್ನು, ನಿನಗೇನಾಗಿದೆ ಎಂದು ಕೇಳಿದೆ. ಎರಡೂ ಕಾಲನ್ನು ಪಕ್ಕಪಕ್ಕ ಇಟ್ಟು ನೋಡಿದರೆ ನನಗೂ ಎಡಗಾಲು ಒಂದಿಷ್ಟು ದಡ್ಡಕಳೆಯದಾಗಿ ಕಾಣತೊಡಗಿತು.

ಪರೀಕ್ಷೆಗೆ ಮೈಸೂರಿಗೆ ಹೋದೆವು. ಶಾಲೆಯ ಕಾರಿನಲ್ಲೇ ಪರೀಕ್ಷೆ ಕೊಡಿ ಎಂದು ಸಂಘಮಿತ್ರಾ ಅಂದಿದ್ದರು, ಮನೆಯಲ್ಲಿ ಕಾರು ಇಟ್ಟುಕೊಂಡು ಬೇರೆಯವರ ಕಾರೇಕೆ ಎಂದು ಯಜಮಾನರು ಒಪ್ಪಲಿಲ್ಲ. ಎಂಟರ ಆಕಾರದಲ್ಲಿ ತಿರುಗಿಸಿದೆ, ಹಿಂದಕ್ಕೆ ತೆಗೆದೆ, ಗೂಟಕ್ಕೆ ತಾಗಿಸಲಿಲ್ಲ. ಆಮೇಲೆ ದಿಬ್ಬದ ಬುಡದಲ್ಲಿ ನಿಲ್ಲಿಸಿ ಹೊರಡಿ ಎಂದರು. ನಿಲ್ಲಿಸಿದೆ. ನಿಂತೇಹೋಯಿತು. ಮತ್ತೆ ಚಾಲೂ ಮಾಡಿದೆ, ಮತ್ತೆ ನಿಂತಿತು. ಸಾಲಿನಲ್ಲಿ ಕಾಯುತ್ತಿದ್ದ ಕಾಲೇಜು ಹುಡುಗರು ಪಾಪ ಯಾರೂ ನಗಲಿಲ್ಲ, ಎಲ್ಲರೂ ಬೇರೆ ಕಡೆ ನೋಡಿದರು. ನಕ್ಕಿದ್ದರೆ ವಾಸಿ ಅನಿಸಿತು. ಪರೀಕ್ಷೆ ಮಾಡುತ್ತಿದ್ದ ಅಧಿಕಾರಿ ಒಳ್ಳೆಯ ಮನುಷ್ಯ, ಇನ್ನಷ್ಟು ಅಭ್ಯಾಸ ಮಾಡಿಕೊಂಡು ಬನ್ನಿ ಅಮ್ಮ ಎಂದು ಕಳಿಸಿದರು. ವಾಪಸು ಬರುವಾಗ ಯಜಮಾನರು ಕಾರು ಓಡಿಸಿದರು. ದಾರಿಯುದ್ದಕ್ಕೂ ಒಂದು ಕಡೆಯೂ ನಿಲ್ಲಲಿಲ್ಲ.

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಆ ತಿಂಗಳಲ್ಲೇ ನಮ್ಮ ಅಧಿಕಾರಿಗಳು ಕರೆದು, ಕಾವೇರಿಯ ಆಚೆ ದಡದ ಹಳ್ಳಿಗಳನ್ನೂ ನೋಡಿಕೊಳ್ಳುವಿರಾ, ಅಲ್ಲಿ ಮೇಲ್ವಿಚಾರಕಿ ಇಲ್ಲ, ಮಕ್ಕಳ ತೂಕ ನೋಡುವವರೂ ಇಲ್ಲ ಎಂದು ಕೇಳಿದರು. ನನಗೆ ಆಸೆಯಿತ್ತು. ಆ ಕಡೆಯ ಅಂಗನವಾಡಿಯಲ್ಲಿ ಸಣ್ಣತಾಯಮ್ಮ ಎಂಬ ಕಾರ್ಯಕರ್ತೆ ಇದ್ದಾರೆ, ನಾನು ಹೊಸದಾಗಿ ಕೆಲಸಕ್ಕೆ ಸೇರಿದಾಗ ನನಗೆ ಮಕ್ಕಳನ್ನು ಎತ್ತಿಕೊಳ್ಳುವುದು ಕಲಿಸಿದವರು, ನೀವೇ ಬರಬೇಕು ಎಂದು ಫೋನು ಮಾಡಿದ್ದರು. ಆದರೆ ಅಲ್ಲಿಗೆ ಬಸ್ಸಿಲ್ಲ. ನನಗೆ ವಾಹನ ಚಾಲನೆ ಬಾರದ ಕಾರಣ ಹೆಚ್ಚುವರಿ ಪ್ರಭಾರ ವಹಿಸಿಕೊಳ್ಳಲು ಆಗುವುದಿಲ್ಲವೆಂದು ನನ್ನ ಕೈಯಾರೆ ಬರೆದು ಸಹಿ ಹಾಕಿಕೊಟ್ಟೆ. ಎಷ್ಟೋ ಸುಳ್ಳು ವರದಿಗಳನ್ನು ಕಂಡ ಕಚೇರಿ ಅದು. ಅವುಗಳಲ್ಲೆಲ್ಲ ನಾನು ಅತ್ಯಂತ ಪ್ರಾಮಾಣಿಕವಾಗಿ ಬರೆದ ಸುಳ್ಳು ಇದೊಂದೇ. ಸಣ್ಣತಾಯಮ್ಮನಿಗೆ ಫೋನು ಮಾಡಲು ಮನಸ್ಸಾಗಲಿಲ್ಲ. ಅವರೂ ಮತ್ತೆ ಮಾಡಲಿಲ್ಲ. ಕಾರಿನ ಬೀಗದ ಕೈಯನ್ನು ಯಜಮಾನರ ಕಡೆಯ ಮೊಳೆಗೆ ತಗುಲಿಹಾಕಿ, ನಾನು ಬಸ್ಸಿಗೇ ಮರಳಿದೆ.

ಸತ್ಯ ಹೊರಬಿದ್ದದ್ದು ರೈಲ್ವೆ ಗೇಟಿನಲ್ಲಿ. ಅಮ್ಮನನ್ನು ಹೆಮ್ಮಿಗೆಯಿಂದ ಕರೆತಂದು, ಚಾಮರಾಜನಗರದ ಕಡೆ ಇರುವ ನನ್ನ ಚಿಕ್ಕಮ್ಮನ ಮನೆಗೆ ಹೊರಟಿದ್ದೆವು. ಯಜಮಾನರು ಸ್ಟೀರಿಂಗಿನಲ್ಲಿ, ಪಕ್ಕದಲ್ಲಿ ನಾನು, ಹಿಂದೆ ಅಮ್ಮ. ಗೇಟು ಹಾಕಿತ್ತು. ಎಂಜಿನ್ ಆರಿಸಿ ಮತ್ತೆ ಚಾಲೂ ಮಾಡಿದರೆ ಪೆಟ್ರೋಲು ಜಾಸ್ತಿ ಕುಡಿಯುತ್ತದೆಂಬ ಇನ್ನೊಂದು ವಿಡಿಯೊದ ಪ್ರಕಾರ, ಅವರು ಕಾರನ್ನು ನ್ಯೂಟ್ರಲ್ಲಿಗೆ ಹಾಕಿ, ಹ್ಯಾಂಡ್ ಬ್ರೇಕ್ ಎಳೆದು, ಚಾಲೂ ಇಟ್ಟೇ ಕಾಯುತ್ತಿದ್ದರು. ಅಮ್ಮನ ಎಲೆ ಅಡಿಕೆ ಚೀಲ ಸೀಟಿನ ಕೆಳಗಿನಿಂದ ಜಾರಿ ಮುಂದೆ ಬಂದಿತ್ತು. ಅದನ್ನು ಎತ್ತಿಕೊಡಲು ಬಗ್ಗಿದೆ. ಬಗ್ಗಿದವಳಿಗೆ ಯಜಮಾನರ ಬಲಗಾಲು ಕಾಣಿಸಿತು.

ಅದು ಆಕ್ಸಿಲರೇಟರನ್ನು ಮೆಲ್ಲಗೆ ಒತ್ತುತ್ತಿತ್ತು, ಬಿಡುತ್ತಿತ್ತು, ಮತ್ತೆ ಒತ್ತುತ್ತಿತ್ತು. ಹೊಲಿಗೆ ಮೆಷಿನ್ ತುಳಿಯುವ ಕಾಲಿನ ಹಾಗೆ, ತಲೆಗೆ ತಿಳಿಸದೆ, ತನ್ನ ಪಾಡಿಗೆ ತಾನು. ಮೇಲೆ ಅವರು ಗೇಟಿನ ಕಡೆ ನೋಡುತ್ತ ರೈಲ್ವೆ ಇಲಾಖೆಯನ್ನು ಬೈಯುತ್ತಿದ್ದರು.

ನಾನು ಚೀಲ ಅಮ್ಮನಿಗೆ ಕೊಟ್ಟು, ನೆಟ್ಟಗೆ ಕೂತು, “ರೀ, ಆ ಕಾಲು ಸ್ವಲ್ಪ ತೆಗೀರಿ” ಎಂದೆ.

“ಯಾವ ಕಾಲು?”

“ಬಲಗಾಲು. ಆಕ್ಸಿಲರೇಟರ್ ಮೇಲಿರೋದು.”

ಅವರು ನನ್ನ ಮುಖ ನೋಡಿದರು. ಕಾಲು ತೆಗೆದರು. ಕಾರು ಒಂದು ಸಲ ಮೈ ನಡುಗಿಸಿತು, ಕೆಮ್ಮಿತು, ನಿಂತಿತು. ಸುತ್ತ ಇದ್ದಕ್ಕಿದ್ದಂತೆ ಎಷ್ಟು ನಿಶ್ಶಬ್ದವಾಯಿತೆಂದರೆ, ಗೇಟಿನ ಬಳಿ ಕಡಲೆಕಾಯಿ ಮಾರುತ್ತಿದ್ದವಳು ತಿರುಗಿ ನೋಡಿದಳು. ಅವರು ಮತ್ತೆ ಚಾಲೂ ಮಾಡಿ, ಕಾಲನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ಮತ್ತೆ ನಿಂತಿತು.

ಹಿಂದಿನಿಂದ ಅಮ್ಮ, ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ತುಂಬ ನಿಧಾನವಾಗಿ ಕೇಳಿದಳು: “ಈಗ ಆಪಾಗಿದ್ದು ಯಾರ್ ಕಾಲಿಂದ ಕಣವ್ವ?”

ಅಮ್ಮನೇ ಮುಂದುವರಿಸಿ, “ಅಂಗಾರೆ ನನ್ ಅರಳೆಣ್ಣೆನ ಅಳಿಯಂದ್ರುಗೆ ಕಳಿಸ್ಬೇಕಾಗಿತ್ತು” ಎಂದಳು. ಅಷ್ಟರಲ್ಲಿ ರೈಲು ಬಂತು. ಅದಕ್ಕೆ ನಾನು ಇಂದಿಗೂ ಋಣಿ, ಏಕೆಂದರೆ ನನಗೆ ನಗು ಬಂದಿತ್ತೋ ಅಳು ಬಂದಿತ್ತೋ ಆ ಸದ್ದಿನಲ್ಲಿ ಯಾರಿಗೂ ತಿಳಿಯಲಿಲ್ಲ.

ಚಿಕ್ಕಮ್ಮನ ಮನೆಯಲ್ಲಿ ಊಟ ಮಾಡಿ, ಅಮ್ಮನನ್ನು ಅಲ್ಲಿಯೇ ಬಿಟ್ಟು, ಇಬ್ಬರೇ ಮನೆಗೆ ಬಂದೆವು. ಸಂಜೆ ಜಗಲಿಯ ಮೇಲೆ ಕೂತು ನಾನು ಕೇಳಿದ್ದು ಒಂದೇ ಪ್ರಶ್ನೆ. ತಾವು, ಅಂದರೆ ಸ್ಕ್ರೂ ಅವರು, ತಪ್ಪು ಮಾಡಿದ್ದೀರೆಂಬುದು ನನಗೆ ಆಗಲೇ ಅರ್ಥವಾಗಿತ್ತು. ಸ್ಕ್ರೂಡ್ರೈವರ್ ತಂದುಕೊಟ್ಟವಳು ನಾನೇ ತಾನೆ. ನನಗೆ ಬೇಕಾಗಿದ್ದದ್ದು ಬೇರೆ.

“ನಿಮಗೆ ಗೊತ್ತಿತ್ತಾ?”

ಅವರು ಕಾರಿನ ಬೀಗದ ಕೈಯನ್ನು ಜಗಲಿಯ ಮೇಲಿಟ್ಟರು. ಆಮೇಲೆ ಹೇಳಿದರು: “ಮೊದ್ಲು ಗೊತ್ತಿರ್ಲಿಲ್ಲ. ಒಂದಿನ ಪೆಟ್ರೋಲ್ ಬಂಕ್‌ ಹತ್ರ ಹಂಗೇ ನಿಂತೋಯ್ತು. ಆಗ ಅನುಮಾನ ಬಂತು.”

“ಅನುಮಾನ ಬಂದಾಗ ಯಾಕೆ ಹೇಳ್ಲಿಲ್ಲ?”

“ಅಷ್ಟೊತ್ತಿಗೆ ನಿನ್ ಕಾಲು ಅಂತ ಎಲ್ರಿಗೂ ಹೇಳ್ಬಿಟ್ಟಿದ್ದೆ.”

ಮಾನ್ಯರೇ, ಇಷ್ಟು ವರ್ಷ ಸರ್ಕಾರಿ ನೌಕರಿ ಮಾಡಿದವಳಾಗಿ, ಆಡಳಿತದ ಎಷ್ಟೋ ಗುಟ್ಟುಗಳು ಆ ಒಂದು ಮಾತಿನಲ್ಲಿ ನನಗೆ ಬಿಡಿಸಿ ತಿಳಿದವು. ಆದರೆ ಆ ಕ್ಷಣದಲ್ಲಿ ನಾನು ಆಡಳಿತದ ಬಗ್ಗೆ ಯೋಚಿಸುತ್ತಿರಲಿಲ್ಲ. ಆಚೆ ದಡದ ಹಳ್ಳಿಗಳನ್ನು ಬೇಡವೆಂದು ನಾನು ಬರೆದುಕೊಟ್ಟ ದಿನವನ್ನು ನೆನೆಯುತ್ತಿದ್ದೆ. ಆ ದಿನ ಮನೆಗೆ ಬಂದು ಇದೇ ಜಗಲಿಯ ಮೇಲೆ ಕೂತಾಗ, ಹೋಗಲಿ ಬಿಡು, ಎಲ್ಲರಿಗೂ ಎಲ್ಲವೂ ಬರುವುದಿಲ್ಲ ಎಂದು ಇವರೇ ನನ್ನ ಬೆನ್ನು ಸವರಿದ್ದರು. ಅನುಮಾನ ಬಂದದ್ದು ಅದಕ್ಕೆ ಮೊದಲೋ ಆಮೇಲೋ ಎಂದು ಕೇಳಬೇಕೆನಿಸಿತು. ಕೇಳಿದೆ. ಮೊದಲು ಎಂದರು. ತಲೆ ತಗ್ಗಿಸಿಯೇ ಹೇಳಿದರು, ಆದರೆ ಹೇಳಿದರು.

ನಾನು ಕೂಗಾಡಲಿಲ್ಲ. ಕೆಲವು ದಿನ ಮಾತಾಡಲೂ ಇಲ್ಲ. ಅಡುಗೆ ನಡೆಯಿತು, ಬಸ್ಸು ನಡೆಯಿತು, ಮನೆ ತಮ್ಮ ಕಳ್ಳದಾರಿಯನ್ನೇ ನಂಬಿದ ಎಂಜಿನ್ನಿನಂತೆ ಬದುಕಲು ಬೇಕಾದಷ್ಟೇ ಗಾಳಿಯಲ್ಲಿ ನಡೆಯಿತು. ಕೊನೆಗೆ ಅವರೇ ಬಂದು, ನಾನೇನು ಮಾಡಬೇಕು ಹೇಳು ಎಂದರು. ಯಾರ್ಯಾರಿಗೆ ನನ್ನ ಕಾಲು ಅಂದಿದ್ದರೋ ಅವರಿಗೆಲ್ಲ ಅಲ್ಲವೆಂದು ತಿಳಿಸಬೇಕು ಎಂದೆ. ಕೂಡಲೇ ಒಪ್ಪಿ, ಫೋನು ಹಿಡಿದು ಜಗಲಿಯಲ್ಲಿ ಅಡ್ಡಾಡುತ್ತ ಒಬ್ಬೊಬ್ಬರಿಗೇ ತಿಳಿಸತೊಡಗಿದರು. ನಾನು ಒಳಗಿಂದ ಕೇಳುತ್ತಿದ್ದೆ. ಮೊದಲ ಫೋನಿನಲ್ಲಿ ತಾವು ಸಡಿಲವಾಗಿದ್ದಿರಿ. ಎರಡನೆಯದರಲ್ಲಿ ತಮ್ಮ ಮೇಲೆ ಇಂಗಾಲ ಕಟ್ಟಿತ್ತು. ಅದರ ಮುಂದಿನದರಲ್ಲಿ ಕಂಪನಿಯವರು ತಮ್ಮನ್ನು ಜೋಡಿಸುವಾಗಲೇ ಎಡವಟ್ಟು ಮಾಡಿದ್ದರು, ಅದನ್ನು ಕಂಡುಹಿಡಿದವರು ಸ್ವತಃ ನಮ್ಮ ಯಜಮಾನರು. ಇನ್ನು ಎರಡು ಫೋನು ಬಿಟ್ಟಿದ್ದರೆ ಅವರಿಗೆ ಕಾರ್ಖಾನೆಯಿಂದ ಸನ್ಮಾನ ನಡೆಯುತ್ತಿತ್ತು. ಹೊರಗೆ ಬಂದು, ತಿರುಗಿಸಿದವರು ಯಾರು ಎಂಬುದನ್ನೂ ಸೇರಿಸಿ ಹೇಳಿ ಎಂದೆ. ಕೈಯಲ್ಲಿದ್ದ ಫೋನನ್ನು ಕೆಳಗಿಟ್ಟುಬಿಟ್ಟರು.

ಮಾರನೆಯ ಭಾನುವಾರ ಅವರೊಬ್ಬರೇ ಹೆಮ್ಮಿಗೆಗೆ ಹೋದರು, ಬಸ್ಸಿನಲ್ಲಿ. ಅಷ್ಟರಲ್ಲಿ ಊರಿಗೆ ಮರಳಿದ್ದ ಅಮ್ಮನ ಎದುರು ಕೂತು, ಸ್ಕ್ರೂ ತಿರುಗಿಸಿದ್ದು ನಾನು, ಗೊತ್ತಾದ ಮೇಲೂ ಸುಮ್ಮನಿದ್ದದ್ದು ನಾನು ಎಂದು ಹೇಳಿ ಬಂದರು. ಇದನ್ನು ನನಗೆ ಹೇಳಿದವಳು ಅಮ್ಮ, ಅವರಲ್ಲ. ಅಮ್ಮ ಅವರಿಗೆ ರೊಟ್ಟಿ ಹುಚ್ಚೆಳ್ಳು ಚಟ್ನಿ ಬಡಿಸಿದಳಂತೆ. ಫೋನಿನಲ್ಲಿ ನನಗೆ ಹೇಳಿದ್ದು ಇಷ್ಟು: “ಮೊಕ ಸಣ್ಣಗ್ ಮಾಡ್ಕಂಡ್ ಬಂದಿದ್ರು ಕಣ್ ಮಗ. ಬಾಯ್ಬುಟ್ಟು ಹೇಳುದ್ರಲ್ಲ, ಅಷ್ಟ್ ಸಾಕು ನಂಗೆ. ನಿಂಗ್ ಸಾಕೋ ಬ್ಯಾಡ್ವೋ ನೀನೇ ನೋಡ್ಕೊ.”

ನನಗೆ ಅಷ್ಟು ಸಾಕಾಗಲಿಲ್ಲ. ಬೀಗದ ಕೈಯನ್ನು ಮೊಳೆಯಿಂದ ತೆಗೆದುಕೊಂಡು ರಾಜು ಅವರ ಗ್ಯಾರೇಜಿಗೆ ಕಾರು ತರಿಸಿದೆ. ಅಂದು ಕಾರು ಕಲ್ಲಿನ ಹಾಗಿದೆ ಎಂದಿದ್ದ ರಾಜು, ಸಾಹೇಬರು ಹೇಳಿದರು, ನಾನೂ ಹಾಗೇ ಅಂದುಕೊಂಡೆ ಮೇಡಂ ಎಂದು ತಲೆ ಕೆರೆದುಕೊಂಡರು. ಗಂಟಲಿನ ಬಿಲ್ಲೆಗೆ ಹತ್ತಿದ್ದ ಮಸಿಯನ್ನು ಒರೆಸಿ ತೆಗೆದರು. ಎಂಜಿನ್ ಚೆನ್ನಾಗಿ ಬಿಸಿಯಾಗಲು ಬಿಟ್ಟು, ಫ್ಯಾನು ದೀಪ ಎಲ್ಲ ಆರಿಸಿದರು. ಸ್ಕ್ರೂಡ್ರೈವರನ್ನು ನಾನು ಕೇಳಿ ಪಡೆದೆ. ಹೀಗೆ ತಮ್ಮನ್ನು ಮೊದಲ ಸಲ ಮುಖಾಮುಖಿ ಕಂಡೆ. ಇಷ್ಟೆಲ್ಲ ಮಾಡಿದವರು ಗಾತ್ರದಲ್ಲಿ ಹುರುಳಿಕಾಳಿಗಿಂತ ಒಂದಿಷ್ಟು ದೊಡ್ಡವರಿದ್ದಿರಿ. ಬೈಯಬೇಕೆಂದು ಕೂಡಿಟ್ಟುಕೊಂಡಿದ್ದ ಮಾತನ್ನೆಲ್ಲ ಈ ಪತ್ರಕ್ಕೆ ಎತ್ತಿಟ್ಟೆ. ತಮ್ಮನ್ನು ಮೆಲ್ಲಗೆ, ಉಗುರಿನಷ್ಟು, ಹೊರಗೆ ತಿರುಗಿಸಿದೆ. ಎಂಜಿನ್ನು ದೀರ್ಘವಾಗಿ ಉಸಿರೆಳೆದುಕೊಂಡ ಹಾಗಾಯಿತು. ಮತ್ತೊಂದು ಉಗುರಿನಷ್ಟು ತಿರುಗಿಸಿದಾಗ ನಡುಕ ನಿಂತಿತು.

ಇನ್ನೆಂದೂ ನಿಲ್ಲದ ಹಾಗೆ ಮಾಡುತ್ತೇನೆಂದು ರಾಜು ಸ್ಕ್ರೂಡ್ರೈವರ್ ತೆಗೆದುಕೊಂಡು ತಮ್ಮನ್ನು ಇನ್ನಷ್ಟು ಹೊರಕ್ಕೆ ಎಳೆದರು. ಕಾರು ನಿಂತಲ್ಲೇ ಲಾರಿಯಂತೆ ಅಬ್ಬರಿಸತೊಡಗಿತು. ಗೇರಿಗೆ ಹಾಕಿ ಕ್ಲಚ್ ಬಿಟ್ಟರೆ, ಯಾರೂ ಆಕ್ಸಿಲರೇಟರ್ ತುಳಿಯದೆಯೇ, ಗ್ಯಾರೇಜಿನ ಮುಂದಿನ ಟೀ ಅಂಗಡಿಯ ಕಡೆ ಜೋರಾಗಿ ಹೊರಟುಬಿಟ್ಟಿತು. ಅಧಿಕಾರ ಸಿಕ್ಕಿದ ಮೇಲೆ ಕೆಲವರು ಇರುತ್ತಾರಲ್ಲ, ಹಾಗೆ. ವಾಪಸು ತರಿಸಿ, ಬೇಡ, ನಾನಿಟ್ಟಲ್ಲಿಗೇ ಇಡಿ ಎಂದೆ. ಇಟ್ಟರು. ಪಕ್ಕದಲ್ಲಿ, ಬಿಲ್ಲೆಗೆ ಅಡ್ಡ ನಿಲ್ಲುವ ಇನ್ನೊಂದು ಸ್ಕ್ರೂ ತಲೆಯ ಮೇಲೆ ಕಾರ್ಖಾನೆಯ ಹಳದಿ ಬಣ್ಣ ಹಾಗೆಯೇ ಇತ್ತು. ಅದನ್ನು ಮುಟ್ಟಲು ಯಾರಿಗೂ ಬಿಡಲಿಲ್ಲ. ನಮ್ಮ ಮನೆಗೆ ಸೇರಿಯೂ ಯಾರ ಕೈಗೂ ಸಿಗದೆ ಉಳಿದ ಆ ಪುಣ್ಯವಂತರಿಗೆ ಈ ಪತ್ರದ ಮೂಲಕ ನನ್ನ ಪ್ರಣಾಮಗಳನ್ನು ತಿಳಿಸಬೇಕಾಗಿ ಕೋರುತ್ತೇನೆ.

ಎರಡನೆಯ ಸಲ ಪರೀಕ್ಷೆಗೆ ಸಂಘಮಿತ್ರಾ ಜೊತೆಗೆ ಬಂದರು. ಕಾರು ಇದೇ ಕಾರು. ದಿಬ್ಬದ ಬುಡದಲ್ಲಿ ನಿಲ್ಲಿಸಿ ಎಂದರು, ನಿಲ್ಲಿಸಿದೆ. ಮುಂದಿನವರು ಇಳಿಯುವ ತನಕ ಕಾಯಬೇಕಾಯಿತು. ಎಡಗಾಲು ಕ್ಲಚ್ಚಿನ ಮೇಲಿತ್ತು, ಬಲಗಾಲು ಬ್ರೇಕಿನ ಮೇಲಿತ್ತು. ಕಾರು ಸುಮ್ಮನೆ ನಿಂತು ಗುರುಗುಟ್ಟುತ್ತಿತ್ತು. ಏನೂ ಆಗಲಿಲ್ಲ. ಏನೂ ಆಗದಿರುವುದು ಇಷ್ಟು ಚೆನ್ನಾಗಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಹತ್ತಿ ಎಂದರು, ಹತ್ತಿದೆ. ಇಳಿದು ಬಂದಾಗ ಸಂಘಮಿತ್ರಾ ನನ್ನ ಎಡಗಾಲಿನ ಕಡೆ ನೋಡಿ ಒಂದು ಸಣ್ಣ ನಮಸ್ಕಾರ ಹಾಕಿದರು. ಲೈಸೆನ್ಸ್ ಬಂದ ವಾರ ಅಧಿಕಾರಿಗಳ ಬಳಿ ಹೋಗಿ, ಆಚೆ ದಡದ ಹಳ್ಳಿಗಳು ಇನ್ನೂ ಖಾಲಿ ಇದ್ದರೆ ಕೊಡಿ ಎಂದು ಕೇಳಿದೆ. ಅರ್ಧ ಹಳ್ಳಿಗಳು ಬೇರೆಯವರಿಗೆ ಹೋಗಿಬಿಟ್ಟಿದ್ದವು, ಸಣ್ಣತಾಯಮ್ಮನ ಹಳ್ಳಿಯೂ ಅದರಲ್ಲಿ ಸೇರಿತ್ತು. ಮಿಕ್ಕ ಅರ್ಧ ನನಗೆ ಬಂತು. ಆದರೂ ಮೊದಲ ದಿನ ದಾರಿ ಬದಲಿಸಿ ಸಣ್ಣತಾಯಮ್ಮನ ಅಂಗನವಾಡಿಯ ಮುಂದೆಯೇ ಕಾರು ನಿಲ್ಲಿಸಿದೆ. ಅವರು ಬಾಗಿಲಿಗೆ ಬಂದು ಕಾರು ನೋಡಿದರು, ನನ್ನನ್ನು ನೋಡಿದರು, ಓಡಿಸಿಕೊಂಡು ಬಂದವರು ಬೇರೆ ಯಾರಾದರೂ ಇಳಿಯುತ್ತಾರೇನೋ ಎಂದು ಕಾದರು. ಯಾರೂ ಇಳಿಯಲಿಲ್ಲ.

ಈಗ ಕೋರಿಕೆಗಳು. ತಮ್ಮಂಥ ಒಬ್ಬರನ್ನು ಪ್ರತಿಯೊಬ್ಬ ಮನುಷ್ಯನ ಕುತ್ತಿಗೆಯ ಹಿಂಬದಿಯಲ್ಲಿ, ಕೈಗೆ ಎಟುಕುವ ಹಾಗೆ, ಹುಟ್ಟುವಾಗಲೇ ಜೋಡಿಸಿ ಕಳಿಸಲು ತಾವು ಸಂಬಂಧಪಟ್ಟವರಿಗೆ ಶಿಫಾರಸು ಮಾಡಬೇಕು. ಸಭೆಗಳಲ್ಲಿ ಅಬ್ಬರಿಸುವವರಿಗೆ ಒಳಕ್ಕೊಂದು ಸುತ್ತು, ಹೇಳಬೇಕಾದ್ದನ್ನು ನುಂಗಿ ಕೂತವರಿಗೆ ಹೊರಕ್ಕೆ ಅರ್ಧ ಸುತ್ತು ತಿರುಗಿಸುವ ಅಧಿಕಾರವನ್ನು ಅಂಗನವಾಡಿ ಮೇಲ್ವಿಚಾರಕಿಯರಿಗೆ ವಹಿಸಬೇಕು. ಗಂಡಂದಿರ ವಿಷಯದಲ್ಲಿ, ತಿರುಗಿಸಿ ನೋಡುವ ಕೆಲಸವನ್ನು ಅತ್ತೆಯಂದಿರಿಗೆ ಬಿಡಬಹುದು, ನನ್ನ ಅನುಭವದಲ್ಲಿ ಅವರ ಕೈ ಬಹಳ ಹದವಾಗಿದೆ. ಇದೆಲ್ಲ ತಮ್ಮ ಕಿಂಡಿಯ ಮಿತಿಯನ್ನು ಮೀರಿದ್ದಾದರೆ, ಕನಿಷ್ಠ ಇನ್ನು ಮುಂದೆ ಯಾರಾದರೂ ತಮ್ಮ ಟೋಪಿ ತೆಗೆದಾಗ, ತಮ್ಮನ್ನು ಮುಟ್ಟಿದವರ ಹೆಸರನ್ನು ಗಟ್ಟಿಯಾಗಿ ಕೂಗಿ ಹೇಳಬೇಕೆಂದು ವಿನಂತಿ.

ಗಾಡಿ ನಿಂತಾಗಲೆಲ್ಲ ತಮ್ಮನ್ನು ನೆನೆಯುವ, ಗಾಡಿ ನಿಂತೇಹೋಗದ್ದಕ್ಕೆ ವಂದಿಸುವ,

ತಮ್ಮ ವಿಶ್ವಾಸಿ,
ವನಿತಾ,
ಚಾಲಕಿ (ಲೈಸೆನ್ಸ್ ಸಹಿತ), ನಂಜನಗೂಡು.

ತಾ.ಕ.: ಈ ಪತ್ರವನ್ನು ಕಂಪ್ಯೂಟರಿನಲ್ಲಿ ಟೈಪ್ ಮಾಡಿಕೊಟ್ಟವರು ನಮ್ಮ ಯಜಮಾನರೇ. ಒಂದಕ್ಷರವೂ ಬಿಡದೆ ಮಾಡಿದ್ದಾರೆ, ಅದಕ್ಕೆ ಅವರಿಗೆ ಧನ್ಯವಾದ. ಜಗಲಿಯ ಮಾತಿನಲ್ಲಿ ಮಾತ್ರ “ಅನುಮಾನ ಬಂತು” ಎಂದು ನಾನು ಬರೆದಿದ್ದನ್ನು “ಸ್ವಲ್ಪ ಅನುಮಾನ ಬಂದ ಹಾಗಾಯ್ತು” ಎಂದು ತಿದ್ದಿದ್ದರು. ನಾನು ಪಕ್ಕದಲ್ಲಿ ನಿಂತು, ಮೊದಲಿನ ಹಾಗೆಯೇ ಮಾಡಿಸಿದ್ದೇನೆ.